ಮಸ್ಕಿಯ ಬಂಡೆಯೂ ವೈ-ಫೈ ಸಿಗ್ನಲ್ಲೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮಸ್ಕಿ ಚರಿತ್ರೆಯಲ್ಲಿ ಹೆಸರಾದದ್ದು ಅಶೋಕನ ಸ್ವಂತ ಹೆಸರಿರುವ ಶಾಸನ ಮೊದಲು ಅಲ್ಲಿ ಸಿಕ್ಕಿದ್ದರಿಂದ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದ್ ಪುರಾತತ್ತ್ವ ಮಾಲೆಗೆ ಸಂಪಾದಿಸಿಕೊಟ್ಟರು. ಇದನ್ನು ಅದೃಷ್ಟದ ಕತೆಯಾಗಿ ಹೇಳುವುದು ವಾಡಿಕೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅದನ್ನು ಓದಿದ ವೇಗ. ಅಲ್ಲಲ್ಲಿ ಅಕ್ಷರ ಅಳಿಸಿಹೋದ ಬಂಡೆ ಅಷ್ಟು ಬೇಗ ಅರ್ಥವಾಯಿತೆಂದರೆ, ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಅದೇ ಪಾಠ ರೂಪನಾಥ, ಸಹಸ್ರಾಮ, ಬೈರಾಟಗಳ ಶಾಸನಗಳಿಂದಲೂ, 1892ರಲ್ಲಿ ಬಿ. ಎಲ್. ರೈಸ್ ಕಂಡ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಿಂದಲೂ ವಿದ್ವಾಂಸರಿಗೆ ಗೊತ್ತಿತ್ತು. ಏನಿರಬೇಕಿತ್ತು ಎಂದು ತಿಳಿದವರಿಗೆ ಏನು ಕೆಟ್ಟಿದೆ ಎಂಬುದು ಬೇಗ ಕಾಣುತ್ತದೆ. ವೈ-ಫೈ ರಿಸೀವರ್‌ನ ವೇಗವೂ ಬಹುಪಾಲು ಇದರಿಂದಲೇ ಬಂದದ್ದು.

ಗೋಡೆ, ಚಾವಣಿಗೆ ಬಡಿದ ರೇಡಿಯೋ ಅಲೆಗಳು ನೇರ ಬಂದ ಅಲೆಯ ಮೇಲೆ ತಡವಾಗಿ ಬಂದು ಬೀಳುತ್ತವೆ. ಕೆಲವು ಆವರ್ತನಗಳು ಕುಗ್ಗುತ್ತವೆ, ಕೆಲವು ಹಿಗ್ಗುತ್ತವೆ. ಇದನ್ನು ಸರಿದೂಗಿಸುವುದು ಈಕ್ವಲೈಸರ್. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಲಕ್ಕಿ 1965ರಲ್ಲಿ ಟೆಲಿಫೋನ್ ತಂತಿಗಾಗಿ ವಿವರಿಸಿದ ಸ್ವಯಂಚಾಲಿತ ಈಕ್ವಲೈಸರ್ ಮಾಹಿತಿಗಿಂತ ಮೊದಲು ಬರುವ ಪರೀಕ್ಷಾ ಸ್ಪಂದನಗಳಿಂದ ತನ್ನನ್ನು ಹೊಂದಿಸಿಕೊಳ್ಳುತ್ತಿತ್ತು. ವೈ-ಫೈನ 1999ರ 802.11ಎ ಮಾನದಂಡದಲ್ಲಿ ಪ್ರತಿ ಪ್ಯಾಕೆಟ್ಟಿನ ತಲೆಯಲ್ಲೂ ರಿಸೀವರ್‌ಗೆ ಮೊದಲೇ ಗೊತ್ತಿರುವ 16 ಮೈಕ್ರೋಸೆಕೆಂಡಿನ ಪೀಠಿಕೆಯಿದೆ. ಅದರ ಕೊನೆಯ 8 ಮೈಕ್ರೋಸೆಕೆಂಡಿನಲ್ಲಿ ಬಂದದ್ದನ್ನು ಬರಬೇಕಿದ್ದದ್ದರಿಂದ ಭಾಗಿಸಿದರೆ ಸಿಗ್ನಲ್ ಹಂಚಿಕೊಂಡು ಸಾಗುವ 52 ಉಪವಾಹಕಗಳ, ಅಂದರೆ ಬೇರೆ ಬೇರೆ ಆವರ್ತನಗಳ, ದೋಷವೂ ತಿಳಿಯುತ್ತದೆ. ಆಮೇಲೆ ಪ್ರತಿಯೊಂದಕ್ಕೂ ಒಂದೊಂದು ಗುಣಾಕಾರ ಸಾಕು.

ಗೊತ್ತಿರುವುದರಿಂದ ಗೊತ್ತಿರುವುದಷ್ಟೇ ಸಿಗುತ್ತದಲ್ಲ, ಅಶೋಕನ ಹೆಸರು ಅಲ್ಲಿಯವರೆಗೆ ಸಿಕ್ಕ ಪ್ರತಿಗಳಲ್ಲಿ ಇರಲಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆದರೆ ಉಳಿದ ಪಾಠ ಒಂದೇ ಆಗಿದ್ದರಿಂದಲೇ ಆ ಹೊಸ ಹೆಸರು ಯಾರದೆಂಬುದು ನಿಶ್ಚಯವಾಯಿತು. ಪೀಠಿಕೆಯೂ ಕಲಿಸುವುದು ದಾರಿಯ ದೋಷವನ್ನು, ಸುದ್ದಿಯನ್ನಲ್ಲ. ಪೀಠಿಕೆಯೇ ಇಲ್ಲದ ವಿಧಾನಗಳೂ ಇವೆ, ಡಾಮಿನಿಕ್ ಗೊಡಾರ್ 1980ರಲ್ಲಿ ಅಂಥದೊಂದನ್ನು ಪ್ರಕಟಿಸಿದರು. ಅವು ಸಿಗ್ನಲ್‌ನ ಸಾಮಾನ್ಯ ಸ್ವರೂಪವನ್ನಷ್ಟೇ ನಂಬಿ ನಿಧಾನವಾಗಿ ದಡ ಸೇರುತ್ತವೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದೂ ಸಾಂಚಿಯ ಕಿರುಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಅಕ್ಷರಗಳು ದಾನವನ್ನು ಹೇಳುತ್ತಿರಬೇಕೆಂಬ ಊಹೆಯಿಂದ, ವರ್ಷಗಳ ದುಡಿಮೆಯ ನಂತರ. ಕ್ಷಣಾರ್ಧದಲ್ಲಿ ಮುಗಿಯುವ ಪ್ಯಾಕೆಟ್ಟಿಗೆ ಅಷ್ಟು ವ್ಯವಧಾನವಿಲ್ಲ.

ಹೋಲಿಕೆ ಮುರಿಯುವ ಜಾಗವೂ ಒಂದಿದೆ. ಪ್ರತಿಧ್ವನಿಯಲ್ಲಿ ಮಾಹಿತಿ ಕಲೆಸಿಹೋಗಿರುತ್ತದೆ, ಬಂಡೆಯ ಚಕ್ಕೆ ಎದ್ದಲ್ಲಿ ಅದು ಇಲ್ಲವೇ ಇಲ್ಲ. ಆದರೆ ರೇಡಿಯೋದಲ್ಲೂ ಒಂದು ಆವರ್ತನ ಪೂರ್ತಿ ಕುಸಿದರೆ ಈಕ್ವಲೈಸರ್ ಹಿಗ್ಗಿಸುವುದು ಬರೀ ಗದ್ದಲವನ್ನು. ಅದಕ್ಕೇ ವೈ-ಫೈ ಒಂದೇ ಮಾಹಿತಿಯ ಸುಳಿವನ್ನು ಹಲವು ಉಪವಾಹಕಗಳಲ್ಲಿ ಹರಡಿ ಕಳಿಸುತ್ತದೆ. ಅಶೋಕನೂ ಒಂದೇ ಮಾತನ್ನು ಹಲವು ಬಂಡೆಗಳ ಮೇಲೆ ಕೆತ್ತಿಸಿದ್ದ. ಮಸ್ಕಿಯಲ್ಲಿ ಒಂಟಿಯಾಗಿದ್ದ ಅವನ ಹೆಸರು ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳದಲ್ಲೂ ಸಿಕ್ಕಿತು.