ಸುರ್ರಾ ಪರಾವಲಂಬಿಯ ಆರ್‌ಎನ್‌ಎ ಸ್ಪ್ಲೈಸಿಂಗ್: ಬದಲಾಗುವ ಹೊದಿಕೆ, ಬದಲಾಗದ ಶಿರೋಭಾಗ

ಕಲಘಟಗಿ ತಾಲ್ಲೂಕಿನ ತಂಬೂರದಂಥ ಅರೆಮಲೆನಾಡಿನ ಊರುಗಳಲ್ಲಿ ಎಮ್ಮೆ ಕಾಯಿಲೆ ಬಿದ್ದರೆ ಮನೆಯ ಆದಾಯಕ್ಕೇ ಪೆಟ್ಟು. ಈ ಸೀಮೆಯ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ಈಚೆಗೆ ದೊರೆತಿದೆ. ಎಮ್ಮೆ, ದನ, ಕುದುರೆಗಳನ್ನು ಕಾಡುವ ಸುರ್ರಾ ರೋಗ ರಕ್ತ ಹೀರುವ ನೊಣಗಳಿಂದ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ ಬರುತ್ತದೆ, ರಕ್ತ ಕುಂದುತ್ತದೆ, ಹಾಲು ಇಳಿಯುತ್ತದೆ, ಗಬ್ಬದ ಪಶು ಕಂದು ಹಾಕುತ್ತದೆ. ಇದರ ಕಾರಣವಾದ ಟ್ರಿಪನೊಸೋಮಾ ಇವಾನ್ಸಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗುರುತಿಸಿದರು. ಆಫ್ರಿಕಾದ ನಿದ್ರಾರೋಗಕ್ಕೆ ಕಾರಣವಾದ ಟ್ರಿಪನೊಸೋಮಾ ಬ್ರೂಸಿಯಿಂದಲೇ ಕವಲೊಡೆದ ಜೀವಿ ಇದು. ಆದ್ದರಿಂದ ಬ್ರೂಸಿಯ ಸ್ಪ್ಲೈಸಿಂಗ್, ಅಂದರೆ ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಕ್ರಿಯೆಯ ಕುರಿತು ನಾಲ್ಕು ದಶಕಗಳಲ್ಲಿ ಕೂಡಿಬಂದ ತಿಳಿವಳಿಕೆ ನಮ್ಮ ಕೊಟ್ಟಿಗೆಗೂ ಸಂಬಂಧಿಸಿದ್ದು.

ಪರಾವಲಂಬಿಯ ಮೈಮೇಲೆ ವಿಎಸ್‌ಜಿ ಎಂಬ ಗ್ಲೈಕೊಪ್ರೋಟೀನಿನ ದಟ್ಟ ಹೊದಿಕೆಯಿದೆ. ಎಮ್ಮೆಯ ದೇಹ ಅದಕ್ಕೆ ಪ್ರತಿಕಾಯ ತಯಾರಿಸುವಷ್ಟರಲ್ಲಿ ಕೆಲವು ಜೀವಕೋಶಗಳು ಬೇರೊಂದು ವಂಶವಾಹಿ ಬಳಸಿ ಹೊದಿಕೆ ಬದಲಿಸಿಕೊಂಡಿರುತ್ತವೆ. ಬೆಂಗಳೂರಿನ ನಿವೇದಿ ಸಂಸ್ಥೆಯ ಸಂಶೋಧಕರು ಈ ಪ್ರೋಟೀನನ್ನು ರೋಗಪತ್ತೆಗೆ ಬಳಸಿದ್ದಾರೆ. ಲಸಿಕೆಗೆ ಮಾತ್ರ ಅದು ಸಿಕ್ಕುತ್ತಿಲ್ಲ. ಆದರೆ 1982ರಲ್ಲಿ ಇದೇ ವಿಎಸ್‌ಜಿಯ ಸಂದೇಶವಾಹಕ ಆರ್‌ಎನ್‌ಎಯನ್ನು ಓದುವಾಗ, ಅದರ ಆರಂಭದ ತುಣುಕು ಪಕ್ಕದ ಡಿಎನ್‌ಎಯಲ್ಲಿ ಇಲ್ಲದಿರುವುದು ಕಂಡುಬಂತು. ಎಲ್ಲ ಸಂದೇಶವಾಹಕಗಳ ತಲೆಯಲ್ಲೂ ಅದೇ 39 ನ್ಯೂಕ್ಲಿಯೊಟೈಡುಗಳ ತುಣುಕು ಇರುವುದು ಮುಂದೆ ಖಚಿತವಾಯಿತು. ಹೊದಿಕೆ ಯಾವುದೇ ಆಗಲಿ, ಈ ಶಿರೋಭಾಗ ಒಂದೇ. ಔಷಧ ಸಂಶೋಧನೆ ಹಿಡಿಯಬೇಕಾದ ಜಾಗ ಇದೇ ಎಂಬುದು ಈ ಲೇಖನದ ವಾದ.

ಟ್ರಿಪನೊಸೋಮಗಳಲ್ಲಿ ಹತ್ತಾರು ವಂಶವಾಹಿಗಳು ಒಂದೇ ಉದ್ದನೆಯ ಆರ್‌ಎನ್‌ಎಯಾಗಿ ನಕಲಾಗುತ್ತವೆ. ಅದನ್ನು ಬಿಡಿಬಿಡಿ ಸಂದೇಶಗಳಾಗಿ ಕತ್ತರಿಸುವ ಕೆಲಸ ಟ್ರಾನ್ಸ್-ಸ್ಪ್ಲೈಸಿಂಗ್‌ನದು. ಸುಮಾರು 140 ನ್ಯೂಕ್ಲಿಯೊಟೈಡುಗಳ ಎಸ್‌ಎಲ್ ಆರ್‌ಎನ್‌ಎ ತನ್ನ ಮೊದಲ 39ನ್ನು ಪ್ರತಿ ಸಂದೇಶದ ತಲೆಗೆ ಜೋಡಿಸುತ್ತದೆ. ಹಿಂದಿನ ಸಂದೇಶದ ಬಾಲಕ್ಕೆ ಪಾಲಿ-ಎ ಸೇರುವುದೂ ಇದರ ಜೊತೆಗೇ. ನಮ್ಮ ಜೀವಕೋಶಗಳಲ್ಲಿ ಇಂಟ್ರಾನ್ ಎಂಬ, ಕತ್ತರಿಸಿ ತೆಗೆಯುವ ನಡುವಿನ ತುಣುಕು ಕುಣಿಕೆಯ ಆಕಾರದಲ್ಲಿ ಹೊರಬಿದ್ದರೆ ಇಲ್ಲಿ ವೈ ಆಕಾರದ ಕವಲು ಉಂಟಾಗುತ್ತದೆ. 1986ರಲ್ಲಿ ಅದು ಪ್ರಯೋಗದಲ್ಲಿ ಸಿಕ್ಕಿತು. ಇಂಟ್ರಾನ್ ಇರುವ ವಂಶವಾಹಿಗಳು ಬ್ರೂಸಿಯಲ್ಲಿ ಎರಡೇ. ಪ್ರತಿ ಜೋಡಣೆಗೂ ಒಂದು ಎಸ್‌ಎಲ್ ಆರ್‌ಎನ್‌ಎ ಖರ್ಚಾಗುವುದರಿಂದ ಅದರ ತಯಾರಿ ನಿಲ್ಲುವಂತಿಲ್ಲ. ಜೀವಕೋಶ ತೀವ್ರ ಒತ್ತಡಕ್ಕೆ ಸಿಕ್ಕಾಗ ಪಿಕೆ3 ಎಂಬ ಕೈನೇಸ್, ಟಿಆರ್‌ಎಫ್4 ಪ್ರೋಟೀನಿಗೆ ಫಾಸ್ಫೇಟ್ ಸೇರಿಸಿ ಆ ತಯಾರಿಯನ್ನೇ ನಿಲ್ಲಿಸುತ್ತದೆ, ಜೀವಕೋಶ ಸಾಯುತ್ತದೆ. ಪರಾವಲಂಬಿಯ ಒಳಗೇ ಅದರ ಸಾವಿನ ದಾರಿಯಿದೆ ಎಂಬ ಈ ಸಂಗತಿಯನ್ನು ಔಷಧ ಸಂಶೋಧಕರು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು.

ಸ್ಪ್ಲೈಸಿಂಗ್ ನಡೆಸುವ ಯಂತ್ರಾಂಗದ ಪ್ರೋಟೀನುಗಳಲ್ಲೂ ವೈಶಿಷ್ಟ್ಯವಿದೆ. ಸಾಮಾನ್ಯವಾಗಿ ಆ ಯಂತ್ರಾಂಗದ ಯು1, ಯು2, ಯು4, ಯು5 ಆರ್‌ಎನ್‌ಎಗಳ ಸುತ್ತ ಏಳು ಎಸ್‌ಎಂ ಪ್ರೋಟೀನುಗಳ ಒಂದೇ ಬಗೆಯ ಉಂಗುರವಿರುತ್ತದೆ. ಟ್ರಿಪನೊಸೋಮದ ಯು2ನಲ್ಲಿ ಎಸ್‌ಎಂ-ಬಿ ಮತ್ತು ಎಸ್‌ಎಂ-ಡಿ3ರ ಜಾಗದಲ್ಲಿ ಎಸ್‌ಎಂ15ಕೆ, ಎಸ್‌ಎಂ16.5ಕೆ ಎಂಬ ಬೇರೆಯೇ ಜೋಡಿಯಿದೆ. ಯು4ನಲ್ಲೂ ಒಂದು ಬದಲಾವಣೆಯಿದೆ. ಯು1 ಟ್ರಾನ್ಸ್-ಸ್ಪ್ಲೈಸಿಂಗ್‌ಗೆ ಬೇಕಾಗುವುದೇ ಇಲ್ಲ. ಜೀವವಿಕಾಸದ ದೃಷ್ಟಿಯಿಂದ ಈ ಎಸ್‌ಎಂ ಭೇದಗಳು ಬಹಳ ಬೆಲೆಯುಳ್ಳವು. ಔಷಧದ ಗುರಿಯಾಗಿ ನಾನು ಅವನ್ನು ಮೊದಲಿಗೆ ಇಡುವುದಿಲ್ಲ. ಚಿಕ್ಕ ಅಣುವೊಂದು ಬಿಗಿಯಾಗಿ ಕೂರಲು ಕಿಣ್ವದ ಗುಳಿಯೇ ಹೆಚ್ಚು ಅನುಕೂಲ.

ಅದಕ್ಕೆ ಆಧಾರವೂ ಇದೆ. ನಿದ್ರಾರೋಗಕ್ಕೆ ರೂಪಿಸಿದ ಅಕೊಜಿಬೊರೋಲ್, ಸ್ಪ್ಲೈಸಿಂಗ್ ಜೊತೆಗೇ ಸಂದೇಶದ ಬಾಲ ಕತ್ತರಿಸುವ ಸಿಪಿಎಸ್‌ಎಫ್3 ಕಿಣ್ವವನ್ನು ತಡೆಯುತ್ತದೆಂದು 2018ರಲ್ಲಿ ಗೊತ್ತಾಯಿತು. ಈ ಕಿಣ್ವ ಮನುಷ್ಯರಲ್ಲೂ ಇದೆ. ಅಣು ಕೂರುವ ಜಾಗದಲ್ಲಿ ಪರಾವಲಂಬಿಗೆ ಆಸ್ಪರಜಿನ್, ಮನುಷ್ಯನಿಗೆ ಟೈರೊಸಿನ್. ಆ ಒಂದು ಅಮೈನೊ ಆಮ್ಲದ ಅಂತರವೇ ರೋಗಿಗೆ ರಕ್ಷಣೆ. ಅದೇ ಬೊರೋಲ್ ಗುಂಪಿನ, ಜಾನುವಾರುಗಳಿಗೆಂದು ಪರಿಗಣಿಸಿದ್ದ ಎಎನ್7973 ಎಂಬ ಅಣು ಟ್ರಾನ್ಸ್-ಸ್ಪ್ಲೈಸಿಂಗ್ ಅನ್ನು ಬೇಗನೆ ಕುಗ್ಗಿಸಿತು. ಸಿಆರ್‌ಕೆ9 ಎಂಬ ಕೈನೇಸನ್ನು ಅಡಗಿಸಿದರೂ ಸ್ಪ್ಲೈಸಿಂಗ್ ಮೊದಲ ಹಂತದಲ್ಲೇ ನಿಲ್ಲುವುದು 2013ರಲ್ಲಿ ವರದಿಯಾಗಿತ್ತು.

ಸುರ್ರಾ ಪಶುವಿಗಷ್ಟೇ ಸೀಮಿತವೆಂಬ ನಂಬಿಕೆ 2004ರಲ್ಲಿ ಮುರಿಯಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರ ರಕ್ತದಲ್ಲಿ ಇವಾನ್ಸಿ ಕಂಡಿತು. ಟ್ರಿಪನೊಸೋಮವನ್ನು ಕೊಲ್ಲುವ ಎಪಿಒಎಲ್1 ಪ್ರೋಟೀನ್ ಅವರ ರಕ್ತದಲ್ಲಿರಲಿಲ್ಲ. ಸುರಾಮಿನ್ ಕೊಟ್ಟು ಗುಣಪಡಿಸಲಾಯಿತು. ಇಂದಿಗೂ ಪಶುವೈದ್ಯರ ಕೈಯಲ್ಲಿರುವ ಕ್ವಿನಾಪಿರಮಿನ್, ಡಿಮಿನಜೀನ್ ಹಲವು ದಶಕ ಹಳೆಯವು. ಕರ್ನಾಟಕದ ಎಮ್ಮೆಗಳಿಂದ ಪಡೆದ ಇವಾನ್ಸಿ ತಳಿಗಳಲ್ಲಿ ಸಿಪಿಎಸ್‌ಎಫ್3 ಮತ್ತು ಸಿಆರ್‌ಕೆ9ರ ಅನುಕ್ರಮವನ್ನು ಓದಿ, ಬೊರೋಲ್ ಅಣುಗಳು ಅವುಗಳ ಮೇಲೆ ಎಷ್ಟು ಪ್ರಮಾಣದಲ್ಲಿ ಕೆಲಸ ಮಾಡುತ್ತವೆಂದು ಅಳೆಯುವುದು ಇಲ್ಲಿನ ಪ್ರಯೋಗಾಲಯಗಳಿಗೆ ಎಟುಕುವ ಕೆಲಸ.