ಕಿಲುಬು ಹಿಡಿದ ಕಾಸಿಗೂ ಒಂದು ಊರಿದೆ

ಯೂಟ್ಯೂಬ್ ತೆಗೆದು ನೋಡಿ. ಒಬ್ಬ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಆಡಿಸ್ತಾ ಹೋಗ್ತಾನೆ. ಅದು ಕುಂಯ್ ಅನ್ನುತ್ತೆ. ಮಣ್ಣು ಕೆದಕಿದರೆ ಹಸಿರು ಕಿಲುಬು ಹಿಡಿದ ನಾಣ್ಯ! ನೋಡೋಕೆ ಮಜಾ ಇದೆ, ಒಪ್ಪೋಣ. ಅದೇ ಮೆಷಿನ್ ಹಿಡಿದು ಯಾರಾದರೂ ಜಾವಗಲ್ಲಿನ ಹೊಲಕ್ಕೆ ಇಳಿದರೆ?

ಜಾವಗಲ್ ಅಂದ ಕೂಡಲೇ ನಿಮಗೆ ನೆನಪಾಗೋದು ಶ್ರೀನಾಥ್. ಆದರೆ ಅರಸೀಕೆರೆ ತಾಲ್ಲೂಕಿನ ಈ ಊರಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಹೊಯ್ಸಳರ ಹೆಸರಾಂತ ಶಿಲ್ಪಿ ಮಲ್ಲಿತಮ್ಮ ಕೆಲಸ ಮಾಡಿದ ಗುಡಿ ಅದು. ಪಕ್ಕದಲ್ಲೇ ಹಳೇಬೀಡು, ಅಂದರೆ ಹೊಯ್ಸಳರ ರಾಜಧಾನಿ ದೋರಸಮುದ್ರ.

ಆ ಕಾಲದ ಶಾಸನಗಳ ತುಂಬ ದುಡ್ಡಿನ ಲೆಕ್ಕ: ಗದ್ಯಾಣ, ಪಣ, ಹಾಗ, ವೀಸ. ತಲಕಾಡನ್ನು ಚೋಳರಿಂದ ಗೆದ್ದ ವಿಷ್ಣುವರ್ಧನ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲೇ ‘ತಲಕಾಡುಗೊಂಡ’ ಅಂತ ಅಚ್ಚು ಹಾಕಿಸಿದ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು. ಬ್ಯಾಂಕ್, ಲಾಕರ್ ಇಲ್ಲದ ಕಾಲ. ದುಡ್ಡಿದ್ದವನು ಗಡಿಗೆಗೆ ತುಂಬಿ ನೆಲದಲ್ಲಿ ಹೂಳಬೇಕಿತ್ತು. ಇನ್ನು ಬಡವರ ತಾಮ್ರದ ಕಾಸು? ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ‘ಮಯಿಲಿ ಕಾಸು’ ಸಂತೆಯಲ್ಲಿ ಜಾರಿ, ಗದ್ದೆಯಲ್ಲಿ ಬಿದ್ದು ಮಣ್ಣು ಸೇರಿದವು.

ಈಗ ಪ್ರಶ್ನೆ: ಮಣ್ಣಲ್ಲಿರೋದನ್ನ ತೆಗೆದರೆ ತಪ್ಪೇನು?

ಚಿತ್ರದುರ್ಗದ ಚಂದ್ರವಳ್ಳಿಗೆ ಬನ್ನಿ. 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ತು. ಯಾವ ನಾಣ್ಯ ಯಾವ ಪದರದಲ್ಲಿತ್ತು, ಜೊತೆಗೆ ಎಂಥ ಮಡಕೆ ಚೂರು ಇತ್ತು ಅಂತ ಬರೆದಿಟ್ಟರು. ಅದರಿಂದ ಎರಡು ಸಾವಿರ ವರ್ಷದ ಹಿಂದಿನ ನಮ್ಮ ಊರುಗಳಿಗೆ ಒಂದು ಕಾಲ ನಿಗದಿಯಾಯ್ತು. ಅದೇ ನಾಣ್ಯವನ್ನ ರಾತ್ರೋರಾತ್ರಿ ಯಾರೋ ಕಿತ್ತುಕೊಂಡು ಹೋಗಿದ್ದರೆ? ಕೆಲವು ಗ್ರಾಂ ಬೆಳ್ಳಿ, ಅಷ್ಟೇ.

ಮೆಷಿನ್‌ಗೆ ಲೋಹ ಗೊತ್ತು, ಇತಿಹಾಸ ಗೊತ್ತಿಲ್ಲ. ನೇಗಿಲ ಗುಳಕ್ಕೂ ಕೂಗುತ್ತೆ, ಬಿಯರ್ ಬಾಟಲಿ ಮುಚ್ಚಳಕ್ಕೂ ಕೂಗುತ್ತೆ. ಅದು ಕೂಗಿದ ಕಡೆಯೆಲ್ಲ ಗುಂಡಿ ತೋಡಿದರೆ ಪದರಗಳು ಕಲಸಿಹೋಗ್ತವೆ. ಆಮೇಲೆ ಯಾವ ವಿಜ್ಞಾನಿ ಬಂದರೂ ಜೋಡಿಸೋಕಾಗಲ್ಲ. ಇನ್ನು ಸಿಕ್ಕ ಕಾಸನ್ನ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಮನೆಯ ತಾಮ್ರದ ಚೊಂಬಿನ ಹಾಗೆ! ಕಿಲುಬಿನ ಜೊತೆ ಅಕ್ಷರವೂ ಹೋಗುತ್ತೆ. ಹೊಳೆಯೋ ತಗಡೊಂದು ಉಳಿಯುತ್ತೆ.

ನಿಂಬೆಹಣ್ಣು, ಕುಂಕುಮ ಇಟ್ಟು ಗರ್ಭಗುಡಿ ಅಗೆದ ನಿಧಿಗಳ್ಳರ ಸುದ್ದಿಯನ್ನ ನಾವೇ ಎಷ್ಟು ಸಲ ಓದಿಲ್ಲ? 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿ ಸೇರಿದವು. ಸಂತೋಷ. ಆ ಪಟ್ಟಿಯಲ್ಲಿಲ್ಲದ ಜಾವಗಲ್ಲಿನಂಥ ಊರುಗಳ ನೆಲ ಕಾಯೋರು ಯಾರು?

ಕಾನೂನು ಇಲ್ಲದೇ ಇಲ್ಲ. 1878ರ ನಿಧಿ ಕಾಯ್ದೆಯೇ ಹೇಳ್ತಿತ್ತು, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತ. ಮುಚ್ಚಿಟ್ಟರೆ ಜೈಲು, ತಿಳಿಸಿದವನಿಗೆ ಪಾಲೂ ಉಂಟು. 1962ರಲ್ಲಿ ನಮ್ಮ ರಾಜ್ಯ ತನ್ನದೇ ನಿಧಿ ಕಾಯ್ದೆ ತಂತು. ಆದರೆ ಉಳುವಾಗ ನಾಲ್ಕು ಕಾಸು ಸಿಕ್ಕ ರೈತನಿಗೆ ಮೊದಲು ಕಾಣೋದು ಪೊಲೀಸ್ ಸ್ಟೇಷನ್ನು. ‘ಯಾಕಪ್ಪಾ ಈ ರಗಳೆ’ ಅಂತ ಅವನು ಅಕ್ಕಸಾಲಿಗನ ಅಂಗಡಿ ಮೆಟ್ಟಿಲು ಹತ್ತುತ್ತಾನೆ. ಕುಲುಮೆಗೆ ಬಿದ್ದ ಮೇಲೆ ವಿಷ್ಣುವರ್ಧನ ಆದರೇನು, ಟಿಪ್ಪು ಆದರೇನು?

ಇಂಗ್ಲೆಂಡಿನಲ್ಲಿ 1997ರಿಂದ ಒಂದು ವ್ಯವಸ್ಥೆ ಇದೆ. ಜನ ತಮಗೆ ಸಿಕ್ಕ ಹಳೇ ವಸ್ತುವನ್ನ ಅಧಿಕಾರಿಗೆ ತೋರಿಸ್ತಾರೆ, ಅವರು ಎಲ್ಲಿ ಸಿಕ್ತು ಅಂತ ದಾಖಲಿಸ್ತಾರೆ. ಹೀಗೆ 10 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಅಲ್ಲಿಯ ಹಾಗೆ ಇಲ್ಲೂ ಡಿಟೆಕ್ಟರ್ ಹಿಡಿದು ಓಡಾಡಿ ಅಂತ ನಾನು ಹೇಳ್ತಿಲ್ಲ. ತಾಲ್ಲೂಕಿಗೊಬ್ಬ ಅಧಿಕಾರಿ ಸಾಕು. ರೈತ ಭಯವಿಲ್ಲದೆ ಹೋಗಿ, ‘ಸ್ವಾಮಿ, ಇದು ನನ್ನ ಹೊಲದ ಬದುವಿನ ಪಕ್ಕ ಸಿಕ್ತು, ಏನು ನೋಡಿ’ ಅನ್ನುವಂತಿರಬೇಕು.

ನಿಮ್ಮ ಹೊಲದಲ್ಲೂ ಅಂಥದ್ದು ಸಿಗಬಹುದು. ತಿಕ್ಕಬೇಡಿ, ಕರಗಿಸಬೇಡಿ, ಮತ್ತೆ ಅಗೆಯಬೇಡಿ. ಸಿಕ್ಕ ಜಾಗಕ್ಕೆ ಒಂದು ಗೂಟ ನೆಟ್ಟು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಆ ಕಾಸು ಎಷ್ಟು ಬಾಳುತ್ತೋ ಗೊತ್ತಿಲ್ಲ, ಆದರೆ ನಿಮ್ಮ ಊರಿನ ವಯಸ್ಸು ಎಷ್ಟು ಅಂತ ಅದು ಹೇಳಬಹುದು.