ರಕ್ಷಣಾಜ್ಞೆ: ಸೊತ್ತಿನಿಂದ ಸೂರಿನವರೆಗೆ

ಗಂಡನ ಮನೆಯಲ್ಲಿ ಹಿಂಸೆಗೆ ಗುರಿಯಾದ ಹೆಂಗಸಿಗೆ ಎದುರಾಗುವ ಮೊದಲನೆಯ ಪ್ರಶ್ನೆ, ಈ ರಾತ್ರಿ ನಿರ್ಭಯವಾಗಿ ಎಲ್ಲಿ ಮಲಗುವುದು ಎಂಬುದು. ಇಷ್ಟು ಸರಳವಾದ ಪ್ರಶ್ನೆಗೆ ನೇರವಾದ ಉತ್ತರ ಕೊಡಲು ಶಾಸನಕ್ಕೆ ಸುಮಾರು ಒಂದೂವರೆ ಶತಮಾನ ಹಿಡಿಯಿತು. ‘ರಕ್ಷಣಾಜ್ಞೆ’ ಎಂಬ ಒಂದು ಪದದ ಅರ್ಥವಿಕಾಸವನ್ನು ಗಮನಿಸಿದರೆ ಈ ವಿಳಂಬದ ಕಾರಣವೂ ತಿಳಿದುಬರುತ್ತದೆ.

ಇಂಗ್ಲೆಂಡಿನ 1857ರ ವಿವಾಹ ವ್ಯಾಜ್ಯಗಳ ಶಾಸನದ 21ನೆಯ ಪ್ರಕರಣದಲ್ಲಿ ಈ ಬಗೆಯ ಆಜ್ಞೆ ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿ ರಕ್ಷಣೆ ದೊರೆತದ್ದು ಹೆಂಡತಿಯ ಸೊತ್ತಿಗೆ. ವಿವಾಹಿತ ಸ್ತ್ರೀಯ ಗಳಿಕೆಯೆಲ್ಲ ಗಂಡನದೇ ಎಂಬುದು ಅಂದಿನ ಆಂಗ್ಲ ನ್ಯಾಯ. ಗಂಡನು ತೊರೆದುಹೋದ ಮೇಲೆ ಅವಳು ದುಡಿದು ಸಂಪಾದಿಸಿದ್ದನ್ನು ಅವನೂ ಅವನ ಸಾಲಗಾರರೂ ಕಿತ್ತುಕೊಳ್ಳದಂತೆ ಮ್ಯಾಜಿಸ್ಟ್ರೇಟರು ಆಜ್ಞೆ ಹೊರಡಿಸಬಹುದಾಗಿತ್ತು. ಆಜ್ಞೆಯನ್ನು ತಿಳಿದೂ ವಶಪಡಿಸಿಕೊಂಡ ಗಂಡನು ಆ ಸೊತ್ತನ್ನು ಹಿಂದಿರುಗಿಸಿ, ಅದರ ಬೆಲೆಯ ಎರಡರಷ್ಟನ್ನೂ ತೆರಬೇಕಾಗಿತ್ತು. ಇದೇ ಏರ್ಪಾಡು 1869ರ ಭಾರತೀಯ ವಿವಾಹ ವಿಚ್ಛೇದನ ಶಾಸನದ ಮೂಲಕ ನಮ್ಮ ದೇಶಕ್ಕೂ ಬಂದಿತು. ಆದರೆ ಅದರ ಪ್ರಯೋಜನ ಕ್ರೈಸ್ತ ವಿವಾಹಗಳಿಗೆ ಸೀಮಿತವಾಗಿತ್ತು.

ದೇಹರಕ್ಷಣೆಯ ಮಾತು ಬಂದದ್ದು 1878ರಲ್ಲಿ. ಫ್ರಾನ್ಸಿಸ್ ಪವರ್ ಕಾಬ್ ಎಂಬ ಲೇಖಕಿ ಹೆಂಡತಿಯರು ಅನುಭವಿಸುತ್ತಿದ್ದ ಚಿತ್ರಹಿಂಸೆಯನ್ನು ಕುರಿತು ಆ ವರ್ಷ ‘ಕಂಟೆಂಪರರಿ ರಿವ್ಯೂ’ ಪತ್ರಿಕೆಯಲ್ಲಿ ದೀರ್ಘ ಲೇಖನವನ್ನು ಬರೆದಳು. ಅದೇ ವರ್ಷದ ಶಾಸನವು ಹೆಂಡತಿಯನ್ನು ಘೋರವಾಗಿ ಹೊಡೆದು ಶಿಕ್ಷಿತನಾದ ಗಂಡನೊಡನೆ ಅವಳು ಬಾಳಬೇಕಾಗಿಲ್ಲವೆಂದು ಆಜ್ಞಾಪಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ವಾರದ ಜೀವನಾಂಶವನ್ನೂ, ಹತ್ತು ವರ್ಷದೊಳಗಿನ ಮಕ್ಕಳ ಪಾಲನೆಯನ್ನೂ ಅವಳಿಗೆ ಒಪ್ಪಿಸಬಹುದಾಗಿತ್ತು. ಆದರೆ ಮೊದಲು ಅಪರಾಧ ರುಜುವಾತಾಗಬೇಕು; ಆ ಬಳಿಕವೇ ರಕ್ಷಣೆ. ಸಾಕ್ಷಿಯಿಲ್ಲದ ಮನೆಯೊಳಗಿನ ಪೆಟ್ಟಿಗೆ ಈ ಕ್ರಮದಿಂದ ಪರಿಹಾರ ಸುಲಭವಾಗಿರಲಿಲ್ಲ.

ಭಾರತದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಪ್ರಕರಣವು ಅಲಕ್ಷಿತಳಾದ ಹೆಂಡತಿಗೆ, ಅವಳ ಮತ ಯಾವುದೇ ಇರಲಿ, ಮಾಸಿಕ ಜೀವನಾಂಶವನ್ನು ಒದಗಿಸಿತು. ಹಿಂದೂ ವಿವಾಹಿತ ಸ್ತ್ರೀಯರ ಪ್ರತ್ಯೇಕ ವಾಸ ಹಾಗೂ ಜೀವನಾಂಶದ ಬಗ್ಗೆ 1946ರಲ್ಲಿ ಬಂದ ಶಾಸನವು ಗಂಡನು ಕ್ರೂರಿಯಾದರೆ ಬೇರೆಯಾಗಿದ್ದು ಜೀವನಾಂಶ ಪಡೆಯುವ ಹಕ್ಕನ್ನು ಮನ್ನಿಸಿತು. 1956ರ ದತ್ತಕ ಮತ್ತು ಜೀವನಾಂಶ ಶಾಸನವು ಅದನ್ನು ತನ್ನಲ್ಲಿ ಸೇರಿಸಿಕೊಂಡಿತು. 1983ರಲ್ಲಿ ದಂಡಸಂಹಿತೆಗೆ 498ಎ ಪ್ರಕರಣ ಸೇರಿ, ಗಂಡನ ಅಥವಾ ಅವನ ಬಂಧುಗಳ ಕ್ರೌರ್ಯವು ಮೂರು ವರ್ಷದವರೆಗೆ ಸೆರೆವಾಸಕ್ಕೆ ತಕ್ಕ ಅಪರಾಧವಾಯಿತು. ಜೀವನಾಂಶದ ಶಾಸನಗಳು ಹಣ ಕೊಡಿಸಿದುವು, ದಂಡಸಂಹಿತೆ ಶಿಕ್ಷೆ ವಿಧಿಸಿತು. ಇವೆಲ್ಲವುಗಳ ನಡುವೆ ಮನೆಬಿಟ್ಟು ಹೊರಡಬೇಕಾದವಳು ಮಾತ್ರ ಹೆಂಗಸೇ.

2002ರಲ್ಲಿ ಲೋಕಸಭೆಯ ಮುಂದೆ ಬಂದ ಮಸೂದೆಯೊಂದು ಹಳೆಯ ಭಾವನೆಯ ಬೇರು ಎಷ್ಟು ಆಳವಾಗಿತ್ತೆಂಬುದನ್ನು ತೋರಿಸುತ್ತದೆ. ಪ್ರತಿವಾದಿಯ ವರ್ತನೆಯು ತನ್ನ ರಕ್ಷಣೆಗಾಗಿ ಅಥವಾ ಸೊತ್ತಿನ ರಕ್ಷಣೆಗಾಗಿ ಯುಕ್ತವಾಗಿದ್ದರೆ ಅದನ್ನು ಹಿಂಸೆಯೆಂದೆಣಿಸಬಾರದೆಂಬ ವಿನಾಯತಿ ಅದರಲ್ಲಿತ್ತು. ಮಹಿಳಾ ಸಂಘಟನೆಗಳು ಇದನ್ನು ಬಲವಾಗಿ ವಿರೋಧಿಸಿದುವು. ಆ ಮಸೂದೆ ಶಾಸನವಾಗಲಿಲ್ಲ.

2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು ಈ ಕ್ರಮವನ್ನೇ ತಿರುಗಿಸಿತು. ದೈಹಿಕ ಹಿಂಸೆಯೊಡನೆ ಲೈಂಗಿಕ, ವಾಚಿಕ, ಮಾನಸಿಕ, ಆರ್ಥಿಕ ಹಿಂಸೆಗಳೂ ಅದರ ವ್ಯಾಪ್ತಿಗೆ ಸೇರಿವೆ. ಅಪರಾಧ ರುಜುವಾತಾಗಿ ಶಿಕ್ಷೆಯಾಗುವವರೆಗೆ ಕಾಯಬೇಕಾಗಿಲ್ಲ. 18ನೆಯ ಪ್ರಕರಣದ ರಕ್ಷಣಾಜ್ಞೆ ಹಿಂಸೆಯನ್ನೂ, ಅವಳನ್ನು ಸಂಪರ್ಕಿಸುವುದನ್ನೂ, ಅವಳ ಉದ್ಯೋಗಸ್ಥಳಕ್ಕೆ ಬರುವುದನ್ನೂ ನಿಷೇಧಿಸಬಹುದು. 19ನೆಯ ಪ್ರಕರಣದ ನಿವಾಸಾಜ್ಞೆ ಹಿಂಸಿಸಿದವನೇ ಮನೆಯಿಂದ ಹೊರಗೆ ಹೋಗಬೇಕೆಂದು ವಿಧಿಸಬಹುದು. ತುರ್ತಾದರೆ ಎದುರುಪಕ್ಷದ ಗೈರುಹಾಜರಿಯಲ್ಲೂ ಮಧ್ಯಂತರ ಆಜ್ಞೆ ದೊರೆಯುತ್ತದೆ. ಅರ್ಜಿ ಬಂದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು. ಅಲ್ಲಿಂದ ಅರುವತ್ತು ದಿನಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು.

‘ಮನೆ’ ಎಂದರೆ ಯಾರ ಮನೆ ಎಂಬ ಪ್ರಶ್ನೆ ಕೂಡಲೇ ಎದ್ದಿತು. 2006ರ ಡಿಸೆಂಬರಿನಲ್ಲಿ ಬಾತ್ರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅತ್ತೆಯ ಸ್ವಂತ ಹೆಸರಿನ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲವೆಂದು ತೀರ್ಪಿತ್ತಿತು. ಹೀಗೆ ಸೊತ್ತಿನ ನ್ಯಾಯವೇ ಮತ್ತೆ ಸೂರಿನ ನ್ಯಾಯವನ್ನು ಮೀರಿತು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಆ ವ್ಯಾಖ್ಯೆಯನ್ನು ತಳ್ಳಿಹಾಕಿ, ಅವಳು ಕುಟುಂಬದೊಡನೆ ಬಾಳಿದ ಮನೆ ಗಂಡನ ಬಂಧುಗಳದಾಗಿದ್ದರೂ ವಾಸದ ಹಕ್ಕುಂಟೆಂದು ಸ್ಪಷ್ಟಪಡಿಸಿತು. ಜೊತೆಗೇ ವೃದ್ಧರಾದ ಅತ್ತೆಮಾವಂದಿರ ನೆಮ್ಮದಿಯನ್ನೂ ತೂಗಿನೋಡಬೇಕೆಂದಿತು. ವಾಸದ ಹಕ್ಕಿಗೆ ಒಡೆತನ ಬೇಕಿಲ್ಲ. ಒಡೆತನವನ್ನು ಅದು ವರ್ಗಾಯಿಸುವುದೂ ಇಲ್ಲ.

ಆಜ್ಞೆಯ ಬಲವಿರುವುದು ಅದನ್ನು ಮೀರಿದಾಗಿನ ಪರಿಣಾಮದಲ್ಲಿ. 1857ರಲ್ಲಿ ಅದು ಸೊತ್ತಿನ ಇಮ್ಮಡಿ ಬೆಲೆಯಾಗಿತ್ತು. ಈಗಿನ ಅಧಿನಿಯಮದ 31ನೆಯ ಪ್ರಕರಣದಂತೆ ರಕ್ಷಣಾಜ್ಞೆಯನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ಜಿಲ್ಲೆಯ ಸಂರಕ್ಷಣಾಧಿಕಾರಿ, ಪೋಲೀಸರು, ಮ್ಯಾಜಿಸ್ಟ್ರೇಟರು ಈ ಮೂವರೂ ಕಾಲಕ್ಕೆ ಸರಿಯಾಗಿ ತಮ್ಮ ಕರ್ತವ್ಯ ಮಾಡಿದಲ್ಲಿ ಮಾತ್ರ ಆ ಕಾಗದವು ಒಬ್ಬಳ ಬಾಗಿಲಿಗೆ ಅಗುಳಿಯಾಗಬಲ್ಲುದು.